ಹಿಮದಲ್ಲಿ ಉಳಿದ ಹಕ್ಕಿ

(ಮಹಾಶಿವರಾತ್ರಿಗೆ ಮುಂಚಿನ ಸೋಮವಾರ ಶ್ರೀಮಠದ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಶಿವರಾತ್ರಿ ಬಂದಿತೆಂದರೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮಲ್ಲಿ ಮನೆಮನೆಯ ಮಾತು. ಇದು ಯಾವ ಪಂಚಾಂಗದವರೂ ಕಟ್ಟಿದ ಮಾತಲ್ಲ. ಹೊಲದಲ್ಲಿ ದುಡಿದ ಜನ ಕಂಡು ಹೇಳಿದ ಮಾತು. ಮಾಘ ಮಾಸ ಮುಗಿಯುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಮಾವು ಹೂ ಬಿಟ್ಟಿರುತ್ತದೆ, ಬಿಳಿಜೋಳ ಕೊಯ್ಲಿಗೆ ಬಂದಿರುತ್ತದೆ, ಬೆಳಗಿನ ಜಾವದಲ್ಲಿ ಹೊದ್ದ ಕಂಬಳಿಯು ಭಾರವೆನ್ನಿಸತೊಡಗುತ್ತದೆ. ಆದುದರಿಂದ ಈ ಮಾತು ಇಲ್ಲಿ ನಿಜ. ಇದನ್ನೇ ಉತ್ತರ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿರುವ ನಮ್ಮ ಭಕ್ತರಿಗೆ ಹೇಳಿದರೆ ಅವರು ನಕ್ಕಾರು. ಅಲ್ಲಿ ಶಿವರಾತ್ರಿಯ ಸುಮಾರಿಗೆ ಮನೆಯ ಮುಂದೆ ಇನ್ನೂ ಹಿಮ ಬಿದ್ದಿರುತ್ತದೆ. ಶಿವನು ಒಬ್ಬನೆ, ಶಿವರಾತ್ರಿಯೂ ಒಂದೆ. ಚಳಿಯು ಮಾತ್ರ ಎಲ್ಲ ನಾಡುಗಳಿಂದ ಒಂದೇ ದಿನ ಹೊರಡುವುದಿಲ್ಲ.

ಇದನ್ನು ಮೊದಲಿಗೇ ಏಕೆ ಹೇಳಿದೆವೆಂದರೆ, ‘ಹೊತ್ತು ಮೀರಿತು’ ಎಂಬ ಮಾತನ್ನು ಮನುಷ್ಯರು ಬಹಳ ಸುಲಭವಾಗಿ ಆಡಿಬಿಡುತ್ತಾರೆ. ಮಳೆ ಹೊತ್ತು ಮೀರಿ ಬಂತು, ಹಕ್ಕಿ ಹೊತ್ತು ಮೀರಿ ಉಳಿಯಿತು, ಆ ಮುದುಕಿ ಹೊತ್ತು ಮೀರಿ ಬದುಕಿದಳು ಎನ್ನುತ್ತಾರೆ. ಅದು ಯಾರ ಹೊತ್ತು, ಯಾರು ಇಟ್ಟ ಅಳತೆ ಎಂದು ಕೇಳುವವರು ಕಡಿಮೆ. ಈ ದಿನ ಅಂಥ ಒಂದು ಹಕ್ಕಿಯ ಸಂಗತಿಯನ್ನೂ, ಅದನ್ನು ಕಂಡು ಅಂಜಿದ ಒಬ್ಬ ತಾಯಿಯ ಸಂಗತಿಯನ್ನೂ ತಮ್ಮ ಮುಂದೆ ಇಡುತ್ತೇವೆ. ಆ ಮನೆಯವರು ಒಪ್ಪಿದ ಮೇಲೆಯೇ ಹೇಳುತ್ತಿದ್ದೇವೆ. ಹೆಸರನ್ನು ಮಾತ್ರ ಹೇಳುವುದಿಲ್ಲ.

ಶ್ರೀಮಠದ ಭಕ್ತ ಮನೆತನದವರೊಬ್ಬರು ಮಿಷಿಗನ್ನಿನಲ್ಲಿ ಮೋಟಾರು ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರು. ತಂದೆ ಲಿಂಗೈಕ್ಯರಾದ ಬಳಿಕ ಊರಲ್ಲಿ ಒಬ್ಬಂಟಿಯಾದ ತಾಯಿಯನ್ನು ತಮ್ಮಲ್ಲಿಗೆ ಕರೆದುಕೊಂಡು ಹೋದರು. ಆ ತಾಯಿಗೆ ಅದು ಆ ನಾಡಿನ ಮೊದಲ ಚಳಿಗಾಲ. ಮನೆಯಲ್ಲಿ ಏಳು ವರ್ಷದ ಮೊಮ್ಮಗನಿದ್ದಾನೆ. ಆಗಷ್ಟೇ ಒಂದು ಹೆಣ್ಣು ಕೂಸೂ ಹುಟ್ಟಿತ್ತು. ಜನವರಿ ತಿಂಗಳ ಒಂದು ಮುಂಜಾನೆ ಹಿತ್ತಲಿನ ಬೋಳು ಮರದಲ್ಲಿ ಕೆಂಪು ಎದೆಯ ಇಪ್ಪತ್ತು ಮೂವತ್ತು ಹಕ್ಕಿಗಳು ಬಂದು ಕುಳಿತವು. ಕೆಳಗೆ ಮೊಣಕಾಲುದ್ದ ಹಿಮ. ನೆರೆಮನೆಯ ಹೆಣ್ಣುಮಗಳು ಅವನ್ನು ನೋಡಿ, “ಇವು ರಾಬಿನ್ ಹಕ್ಕಿಗಳು, ಇಷ್ಟು ಹೊತ್ತಿಗೆ ದಕ್ಷಿಣಕ್ಕೆ ಹೋಗಿಬಿಟ್ಟಿರಬೇಕಾಗಿತ್ತು, ಇಷ್ಟು ತಡವಾಗಿ ಇವನ್ನು ನೋಡಿಯೇ ಇಲ್ಲ” ಎಂದು ಬೆರಗಿನಿಂದ ಹೇಳಿದಳು. ಮೊಮ್ಮಗ ಆ ಮಾತನ್ನು ಓಡಿಬಂದು ಅಜ್ಜಿಗೆ ಮುಟ್ಟಿಸಿದ.

ಆ ರಾತ್ರಿ ಆ ತಾಯಿ ಪ್ರಸಾದ ಮುಟ್ಟಲಿಲ್ಲ. ಮಗನನ್ನು ಕರೆದು, “ತಮ್ಮಾ, ಹ್ವಾದ ಗುಂಪಿನ ಹಿಂದ ಹೋಗಲಾರದ ಉಳದ ಹಕ್ಕಿ ಅವು. ನಾನೂ ಹಂಗ ಉಳದೀನಿ. ಹೊತ್ತು ಮೀರಿ ಉಳದವರ ನೆಳ್ಳು ಕೂಸಿನ ಮ್ಯಾಲೆ ಬೀಳಬಾರದು. ನನ್ನ ಊರಿಗೆ ಕಳಸಿಬಿಡು” ಎಂದಳಂತೆ. ಮರುದಿನದಿಂದ ತೊಟ್ಟಿಲು ಇದ್ದ ಕೋಣೆಗೆ ಕಾಲಿಡಲಿಲ್ಲ. ಊಟ ಅರ್ಧಕ್ಕೆ ಇಳಿಯಿತು. ಮಗ ದಿಕ್ಕುಗಾಣದೆ ಶ್ರೀಮಠಕ್ಕೆ ಬರೆದರು: “ಅಕಾಲದಲ್ಲಿ ಹಕ್ಕಿ ಕಂಡದ್ದಕ್ಕೆ ಯಾವ ಶಾಂತಿ ಮಾಡಿಸಬೇಕು? ಅಪ್ಪಣೆ ಕೊಡಿಸಿದರೆ ಇಲ್ಲಿಯೇ ಮಾಡಿಸುತ್ತೇವೆ.”

ಬಂಧುಗಳೆ, ಶಾಂತಿಯ ಮಾತು ಆಮೇಲೆ, ಮೊದಲು ಹಕ್ಕಿಯನ್ನು ಅರಿಯೋಣ ಎಂದು ನಾವು ನಿಶ್ಚಯಿಸಿದೆವು. ಯಾವುದನ್ನು ಅರಿಯಲಿಲ್ಲವೋ ಅದಕ್ಕೆ ಅಂಜುವುದು ಮನುಷ್ಯನ ಸ್ವಭಾವ. ಅರಿತ ಬಳಿಕ ಅಂಜಿಕೆಯಲ್ಲಿ ಮುಕ್ಕಾಲು ಪಾಲು ತಾನಾಗಿ ಇಳಿಯುತ್ತದೆ. ಪ್ರಾಣಿಶಾಸ್ತ್ರವನ್ನು ಕಲಿಸುವ ಅಧ್ಯಾಪಕರೊಬ್ಬರನ್ನು ಕರೆಯಿಸಿ, ಪುಸ್ತಕಗಳನ್ನು ತರಿಸಿ, ಎರಡು ಸಂಜೆ ಕುಳಿತು ಕೇಳಿದೆವು. ಕೇಳಿದ್ದನ್ನು ತಮಗೂ ಹೇಳುತ್ತೇವೆ.

ಅಮೆರಿಕದ ರಾಬಿನ್ ಹೆಚ್ಚುಕಡಿಮೆ ನಮ್ಮ ಗೊರವಂಕದಷ್ಟು ಉದ್ದದ ಹಕ್ಕಿ. ಉದ್ದ ಸುಮಾರು ೨೫ ಸೆಂಟಿಮೀಟರು, ತೂಕ ೮೦ ಗ್ರಾಮಿನ ಆಸುಪಾಸು. ಬೆನ್ನು ಬೂದುಗಪ್ಪು, ಕೊಕ್ಕು ಹಳದಿ, ಎದೆ ಸುಟ್ಟ ಇಟ್ಟಿಗೆಯ ಬಣ್ಣ. ಮಿಷಿಗನ್ ಪ್ರಾಂತವು ೧೯೩೧ರಲ್ಲಿ ಇದನ್ನೇ ತನ್ನ ಪ್ರಾಂತಪಕ್ಷಿಯೆಂದು ಆರಿಸಿಕೊಂಡಿತು. ಹಿಮ ಕರಗಿ ಹುಲ್ಲು ಕಾಣಿಸಿದೊಡನೆ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಓಡಾಡುತ್ತ ಎರೆಹುಳುವನ್ನು ಹಿರಿದು ತಿನ್ನುವುದರಿಂದ, ರಾಬಿನ್ ಕಂಡರೆ ವಸಂತ ಬಂತು ಎಂದು ಅಲ್ಲಿಯ ಜನ ಹಿಗ್ಗುತ್ತಾರೆ. ನಮಗೆ ಕೋಗಿಲೆ ಹೇಗೋ ಅವರಿಗೆ ಅದು ಹಾಗೆ.

ಇದರ ಹೆಸರಿನಲ್ಲಿಯೂ ಒಂದು ಸ್ವಾರಸ್ಯವಿದೆ. ನಿಜವಾದ ರಾಬಿನ್ ಇಂಗ್ಲೆಂಡಿನ ಹಕ್ಕಿ. ಇದರ ಅರ್ಧಕ್ಕಿಂತ ತುಸು ದೊಡ್ಡದು, ಅದಕ್ಕೂ ಕೆಂಪು ಎದೆ. ಸಮುದ್ರ ದಾಟಿ ಹೋದ ಇಂಗ್ಲಿಷ್ ಜನ ಹೊಸ ನಾಡಿನಲ್ಲಿ ಕೆಂಪು ಎದೆಯ ಬೇರೊಂದು ಹಕ್ಕಿಯನ್ನು ಕಂಡು, ತಮ್ಮ ಮನೆಯಂಗಳದ ಹಕ್ಕಿಯ ಹೆಸರನ್ನೇ ಇಟ್ಟು ಕರೆದರು. ತವರಿನ ಹಂಬಲ ಅಂಥದು. ಶಾಸ್ತ್ರಜ್ಞರ ಪ್ರಕಾರ ಈ ಎರಡೂ ಒಂದೇ ಕುಟುಂಬದವಲ್ಲ. ಆದರೆ ನಮ್ಮ ಹಿತ್ತಲಿನ ಕಪ್ಪು ಬಿಳುಪಿನ ಮಡಿವಾಳ ಹಕ್ಕಿಯಿದೆಯಲ್ಲ, ಅದು ಮತ್ತು ಇಂಗ್ಲೆಂಡಿನ ರಾಬಿನ್ ಒಂದೇ ಕುಟುಂಬದವು. ಹೆಸರಿನಿಂದ ಹತ್ತಿರವಾದದ್ದು ದೂರವಿರಬಹುದು, ದೂರದಲ್ಲಿದ್ದದ್ದು ನಂಟನಾಗಿರಬಹುದು. ಪರನಾಡಿಗೆ ಹೋದ ನಮ್ಮವರು ಇದನ್ನು ದಿನವೂ ಅನುಭವಿಸುತ್ತಾರೆ.

ಇನ್ನು ಈ ಹಕ್ಕಿಯು ಹೊರಟುಹೋಗಬೇಕಾಗಿತ್ತು ಎಂಬ ಮಾತನ್ನು ವಿಚಾರಿಸೋಣ. ಹಕ್ಕಿಗಳು ಋತುವನ್ನು ಅನುಸರಿಸಿ ನಾಡು ಬದಲಿಸುತ್ತವೆ ಎಂಬುದು ನಮ್ಮ ಹಿರಿಯರಿಗೆ ಹೊಸದಲ್ಲ. ಕಾಳಿದಾಸನ ಮೇಘದೂತದಲ್ಲಿ ಮಳೆಗಾಲದ ಮೊದಲ ಮೋಡದೊಡನೆ ರಾಜಹಂಸಗಳು ಮಾನಸ ಸರೋವರದ ಕಡೆಗೆ ಹೊರಡುತ್ತವೆ. ಹಿಮಾಲಯದಲ್ಲಿ ಅವು ನುಸುಳಿಹೋಗುವ ಕಣಿವೆಗೆ ಹಂಸದ್ವಾರವೆಂಬ ಹೆಸರೂ ಅಲ್ಲಿದೆ. ಕಾವ್ಯ ಓದದವರು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಕಣ್ಣಾರೆ ನೋಡಬಹುದು. ಹಿಮಾಲಯದ ಆಚೆ, ಟಿಬೆಟ್ ಮಂಗೋಲಿಯಗಳ ಸರೋವರಗಳ ದಂಡೆಯಲ್ಲಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲ ಆ ಪರ್ವತವನ್ನು ಹಾರಿ ದಾಟಿ ಅಲ್ಲಿಗೆ ಬರುತ್ತವೆ. ಬೇಸಿಗೆ ಕಾಲಿಟ್ಟಾಗ ಮರಳುತ್ತವೆ. ೨೦೨೪ರಲ್ಲಿ ಆ ಕೆರೆಯು ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ನಮ್ಮ ರೈತರು ಈ ಬಾತುಗಳ ಬರವನ್ನು ಶುಭವೆಂದೂ ಹೋಗುವುದನ್ನು ಅಶುಭವೆಂದೂ ಎಣಿಸುವುದಿಲ್ಲ. ಬರುವ ಕಾಲಕ್ಕೆ ಬರುತ್ತವೆ, ಹೋಗುವ ಕಾಲಕ್ಕೆ ಹೋಗುತ್ತವೆ ಎನ್ನುತ್ತಾರೆ.

ಹಾಗಾದರೆ ರಾಬಿನ್ ಏಕೆ ಹೋಗುತ್ತದೆ? ಚಳಿಗೆ ಅಂಜಿ ಎಂದು ನಾವೆಲ್ಲ ತಿಳಿಯುತ್ತೇವೆ. ಮುಖ್ಯ ಕಾರಣ ಚಳಿಯಲ್ಲ, ಆಹಾರ. ಆ ಸಣ್ಣ ಮೈಯೊಳಗಿನ ಬಿಸಿ ಸುಮಾರು ೪೦ ಡಿಗ್ರಿ. ನಮ್ಮ ನಿಮ್ಮ ಮೈಗಿಂತ ಹೆಚ್ಚು. ಗರಿಗಳನ್ನು ಉಬ್ಬಿಸಿ ಅವುಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡರೆ ಕಂಬಳಿ ಹೊದ್ದಂತೆ. ಹೊಟ್ಟೆಗೆ ಇದ್ದರೆ ಅದು ಹಿಮವನ್ನು ತಡೆಯಬಲ್ಲದು. ಆದರೆ ನೆಲವು ಕಲ್ಲಿನಂತೆ ಹೆಪ್ಪುಗಟ್ಟಿದಾಗ ಎರೆಹುಳು ಆಳಕ್ಕೆ ಇಳಿಯುತ್ತದೆ, ಹುಳುಹುಪ್ಪಡಿ ಇಲ್ಲವಾಗುತ್ತವೆ. ಆಗ ಬಹಳಷ್ಟು ಹಕ್ಕಿಗಳು ಊಟ ಇರುವ ಕಡೆಗೆ, ಅಂದರೆ ದಕ್ಷಿಣಕ್ಕೆ, ಹೋಗುತ್ತವೆ.

ಬಹಳಷ್ಟು ಎಂದೆವೇ ಹೊರತು ಎಲ್ಲವೂ ಎನ್ನಲಿಲ್ಲ. ಪ್ರತಿ ಚಳಿಗಾಲವೂ ಅನೇಕ ರಾಬಿನ್‌ಗಳು ಉತ್ತರದಲ್ಲಿಯೇ ಉಳಿಯುತ್ತವೆ. ಅವು ಹುಳುವನ್ನು ಬಿಟ್ಟು ಹಣ್ಣಿಗೆ ತಿರುಗುತ್ತವೆ. ಅಲ್ಲಿ ಜುನಿಪರ್, ಹಾಥಾರ್ನ್ ಮೊದಲಾದ ಗಿಡಗಳಿವೆ. ನಮ್ಮ ಬಾರಿಹಣ್ಣಿನಷ್ಟು ಗಾತ್ರದ ಕಾಡುಸೇಬುಗಳಿವೆ. ಎಲೆಯೆಲ್ಲ ಉದುರಿದ ಮೇಲೂ ಇವುಗಳಲ್ಲಿ ಕೆಲವು ತಮ್ಮ ಹಣ್ಣನ್ನು ಉದುರಿಸದೆ ಹಿಡಿದುಕೊಂಡಿರುತ್ತವೆ. ಹಿಮ ತಗಲಿದ ಬಳಿಕ ಆ ಹಣ್ಣು ಮೆತ್ತಗಾಗಿ ಹಕ್ಕಿಯ ಕೊಕ್ಕಿಗೆ ಇನ್ನಷ್ಟು ಒದಗುತ್ತದೆ. ಬೇಸಿಗೆಯಲ್ಲಿ ಗಡಿ ಕಾಯ್ದುಕೊಂಡು ಒಂದನ್ನೊಂದು ಅಟ್ಟಾಡಿಸುತ್ತಿದ್ದ ಹಕ್ಕಿಗಳೇ ಚಳಿಗಾಲದಲ್ಲಿ ಜಗಳ ಮರೆತು ಗುಂಪಾಗುತ್ತವೆ. ರಾತ್ರಿ ಒಂದೇ ತೋಪಿನಲ್ಲಿ ಸಾವಿರಾರು ಹಕ್ಕಿಗಳು ತಂಗುವುದುಂಟು. ಎರಡೂವರೆ ಲಕ್ಷದವರೆಗೆ ಸೇರಿದ ತಂಗುದಾಣಗಳೂ ಇವೆ. ಹಣ್ಣಿರುವ ಗಿಡವನ್ನು ಒಂದು ಕಂಡರೆ ಎಲ್ಲವೂ ಉಣ್ಣುತ್ತವೆ. ಗಿಡುಗ ಬಂದರೆ ನೋಡಲು ನೂರು ಕಣ್ಣು.

ಹೀಗಿರುವಾಗ ಜನರಿಗೆ ಅವು ಕಾಣುವುದಿಲ್ಲವೇಕೆ? ಏಕೆಂದರೆ ಜನ ಹುಲ್ಲುಹಾಸನ್ನು ನೋಡುತ್ತಾರೆ, ಹಕ್ಕಿಗಳು ಕಾಡಿನ ಹಣ್ಣಿನ ಪೊದೆಗಳಲ್ಲಿ ಇರುತ್ತವೆ. ಹಾಡನ್ನೂ ಆಗ ಹೆಚ್ಚು ಹಾಡುವುದಿಲ್ಲ. ನಮ್ಮ ಮಡಿವಾಳ ಹಕ್ಕಿಯೂ ಚಳಿಗಾಲದಲ್ಲಿ ಹಾಡು ನಿಲ್ಲಿಸುತ್ತದೆ. ಎಲ್ಲಿಗೋ ಹೋಯಿತೆಂದು ನಾವು ಹೇಳುತ್ತೇವೆ, ಅದು ಅದೇ ಹಿತ್ತಲಿನಲ್ಲಿ ಮಾತಿಲ್ಲದೆ ಓಡಾಡಿಕೊಂಡಿರುತ್ತದೆ. ಕಾಡಿನ ಹಣ್ಣು ತೀರಿ ರಾಬಿನ್‌ಗಳ ಗುಂಪು ಒಂದು ದಿನ ಮನೆಯ ಹತ್ತಿರದ ಮರಕ್ಕೆ ಬಂದಾಗ, “ಅಯ್ಯೋ, ಇಷ್ಟು ತಡವಾಗಿ!” ಎಂದು ಜನ ಬೆರಗಾಗುತ್ತಾರೆ. ಅಮೆರಿಕದಲ್ಲಿ ೧೯೦೦ನೆಯ ಇಸವಿಯಿಂದ ಪ್ರತಿ ವರ್ಷ ಕ್ರಿಸ್‌ಮಸ್ ಸುಮಾರಿಗೆ ಸಾಮಾನ್ಯ ಜನರೇ ಹೊರಟು ಹಕ್ಕಿಗಳನ್ನು ಎಣಿಸುವ ಪದ್ಧತಿಯಿದೆ. ಹಿಮ ಬೀಳುವ ಪ್ರಾಂತಗಳ ಆ ಎಣಿಕೆಯಲ್ಲಿಯೂ ರಾಬಿನ್ ಸಿಗುತ್ತದೆ. ಆದುದರಿಂದ ಆ ಹಿತ್ತಲಿಗೆ ಬಂದ ಹಕ್ಕಿಗಳು ಗುಂಪು ತಪ್ಪಿದವಲ್ಲ, ಗುಂಪಿನಲ್ಲಿಯೇ ಇದ್ದವು. ಹೊತ್ತು ಮೀರಿದವಲ್ಲ, ಊಟ ಇದ್ದಲ್ಲಿ ಇದ್ದವು.

ಉಳಿದ ಹಕ್ಕಿಗೆ ಕಷ್ಟವಿಲ್ಲವೆಂದು ನಾವು ಹೇಳುತ್ತಿಲ್ಲ. ಮಳೆ ಬಿದ್ದು ಹಣ್ಣಿನ ಮೇಲೆ ಗಾಜಿನಂತೆ ಹೆಪ್ಪುಗಟ್ಟಿದರೆ ಕೊಕ್ಕು ಇಳಿಯುವುದಿಲ್ಲ. ಅಂಥ ದಿನಗಳು ಮುಂದುವರಿದರೆ ಕೆಲವು ಸಾಯುತ್ತವೆ. ಹೋದ ಹಕ್ಕಿಗೂ ದಾರಿಯಲ್ಲಿ ಸಾವು ಇದ್ದೇ ಇದೆ. ಆದರೆ ಉಳಿದದ್ದಕ್ಕೆ ಒಂದು ಲಾಭವೂ ಉಂಟು: ಹಿಮ ಕರಗಿದೊಡನೆ ಗೂಡಿನ ಜಾಗವನ್ನು ಬೇಗನೆ ಹಿಡಿಯಬಹುದು. ಹೋಗುವುದೂ ಒಂದು ದಾರಿ, ಉಳಿಯುವುದೂ ಒಂದು ದಾರಿ. ಒಂದು ಶುಭ, ಒಂದು ಅಶುಭ ಎಂಬ ಭೇದ ಹಕ್ಕಿಗೆ ಗೊತ್ತಿಲ್ಲ.

ಈಗ ಶಕುನದ ಮಾತು. ತರ್ಕಶಾಸ್ತ್ರದಲ್ಲಿ ಕಾಕತಾಲೀಯ ನ್ಯಾಯವೆಂದು ಒಂದಿದೆ. ಕಾಗೆಯೊಂದು ಬಂದು ತಾಳೆಯ ಮರದ ಮೇಲೆ ಕುಳಿತಿತು; ಅದೇ ಕ್ಷಣಕ್ಕೆ ಹಣ್ಣು ಕೆಳಗೆ ಬಿದ್ದಿತು. ಕಾಗೆ ಕುಳಿತದ್ದರಿಂದ ಹಣ್ಣು ಬಿತ್ತೆಂದು ನೋಡಿದವನು ತಿಳಿದರೆ ಅದು ಭ್ರಮೆ. ಅದೇ ಶಾಸ್ತ್ರದಲ್ಲಿ ಇನ್ನೊಂದು ಉದಾಹರಣೆಯಿದೆ: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ. ಹೊಗೆಗೂ ಬೆಂಕಿಗೂ ಬಿಡಲಾರದ ಸಂಬಂಧವಿದೆ. ಇಂಥ ಗುರುತಿಗೆ ತರ್ಕದಲ್ಲಿ ‘ಲಿಂಗ’ವೆಂದೇ ಹೆಸರು. ಹಕ್ಕಿ ಬಂದು ಕುಳಿತದ್ದಕ್ಕೂ ಕೂಸಿಗೆ ಕೇಡಾಗುವುದಕ್ಕೂ ಇರುವುದು ಕಾಗೆ ತಾಳೆಗಳ ಸಂಬಂಧ. ಹಕ್ಕಿ ಬಂದದ್ದಕ್ಕೂ ಮರದಲ್ಲಿ ಹಣ್ಣು ಇದ್ದದ್ದಕ್ಕೂ ಇರುವುದು ಹೊಗೆ ಬೆಂಕಿಗಳ ಸಂಬಂಧ. ಮೊದಲನೆಯದನ್ನು ಹಿಡಿದವನು ಶಾಂತಿ ಮಾಡಿಸುತ್ತಾನೆ, ಎರಡನೆಯದನ್ನು ಹಿಡಿದವನು ಮರ ನೆಡುತ್ತಾನೆ. ಶಕುನ, ಸೂತಕ, ದುರ್ಮುಹೂರ್ತಗಳ ಭಯದಿಂದ ಜನರನ್ನು ಬಿಡಿಸಲು ಬಸವಾದಿ ಶರಣರು ಎಂಟು ನೂರು ವರ್ಷಗಳ ಹಿಂದೆಯೇ ಎಷ್ಟು ಪಾಡುಪಟ್ಟರೆಂಬುದನ್ನು ತಾವು ಬಲ್ಲಿರಿ. ಅದೇ ಭಯ ವಿಮಾನದಲ್ಲಿ ಕುಳಿತು ಸಮುದ್ರ ದಾಟಿ ಹೋದರೆ ಶರಣರ ಶ್ರಮಕ್ಕೆ ಏನು ಬೆಲೆ ಬಂತು?

ಹಾಗೆಂದು ಹಕ್ಕಿಯು ಹೇಳುವ ಯಾವ ಮಾತನ್ನೂ ಕೇಳಬಾರದೆಂದಲ್ಲ. ಕಾರಣದ ಕಣ್ಣಿನಿಂದ ನೋಡಿದರೆ ಅದು ನಮಗೆ ಎಚ್ಚರ ಹೇಳುವುದುಂಟು. ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ೯,೦೦೦ ಅಡಿಗೂ ಮೀರಿದ ಎತ್ತರದ ಒಂದು ಸಂಶೋಧನ ಕೇಂದ್ರದಲ್ಲಿ ರಾಬಿನ್ ಬಂದ ದಿನವನ್ನು ವರ್ಷ ವರ್ಷವೂ ಬರೆದಿಟ್ಟರು. ೧೯೮೧ರಿಂದ ೧೯೯೯ರೊಳಗೆ ಅದು ೧೪ ದಿನ ಮೊದಲೇ ಬರತೊಡಗಿತ್ತು. ಆದರೆ ಬೆಟ್ಟದ ಮೇಲಿನ ಹಿಮ ಅಷ್ಟು ಬೇಗ ಕರಗಲಿಲ್ಲ. ಕೆಳಗಿನ ಬಯಲಿನ ಬಿಸುಪನ್ನು ನಂಬಿ ಮೇಲೇರಿದ ಹಕ್ಕಿಯು ನೆಲ ಕಾಣುವವರೆಗೆ ಹಿಂದಿಗಿಂತ ಹೆಚ್ಚು ದಿನ ಕಾಯಬೇಕಾಯಿತು. ಕೆನಡಾದ ಸ್ಲೇವ್ ಸರೋವರದ ಬಳಿ ಹಾದುಹೋಗುವ ರಾಬಿನ್‌ಗಳು ೧೯೯೪ರಲ್ಲಿ ಇದ್ದುದಕ್ಕಿಂತ ಸುಮಾರು ೧೨ ದಿನ ಮೊದಲೇ ಉತ್ತರಕ್ಕೆ ಹೊರಡುತ್ತಿವೆಯೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಭೂಮಿಯ ಬಿಸಿ ಏರುತ್ತಿದೆ. ಏರಿಸುತ್ತಿರುವ ಹೊಗೆ ನಮ್ಮ ಒಲೆ, ಕಾರ್ಖಾನೆ, ವಾಹನಗಳದು. ಇದು ಅಪಶಕುನವಲ್ಲ, ಕರ್ಮಫಲ. ಶಾಂತಿಹೋಮದಿಂದ ಇದು ಹೋಗುವುದಿಲ್ಲ. ಬಯಕೆಯನ್ನು ಇಳಿಸಿದರೆ ಇಳಿದೀತು.

ಅದೇ ಮಿಷಿಗನ್ನಿನಲ್ಲಿ ನಡೆದ ಇನ್ನೊಂದು ಸಂಗತಿ. ಅಲ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್ಮ್ ಮರಗಳಿಗೆ ರೋಗ ತಗಲಬಾರದೆಂದು ೧೯೫೪ರಿಂದ ಡಿ.ಡಿ.ಟಿ. ಸಿಂಪಡಿಸಿದರು. ವಿಷ ಎಲೆಗೆ ಅಂಟಿತು, ಎಲೆ ಉದುರಿ ಮಣ್ಣಿಗೆ ಸೇರಿತು, ಮಣ್ಣಿನ ಎಲೆಯನ್ನು ಎರೆಹುಳು ತಿಂದಿತು, ಎರೆಹುಳುವನ್ನು ರಾಬಿನ್ ತಿಂದಿತು. ಮುಂದಿನ ವಸಂತಗಳಲ್ಲಿ ಬಂದ ಹಕ್ಕಿಗಳು ನಡುಗುತ್ತ ಬಿದ್ದು ಸತ್ತವು. ರೇಚೆಲ್ ಕಾರ್ಸನ್ ಎಂಬ ವಿದುಷಿಯು ೧೯೬೨ರ ‘ಸೈಲೆಂಟ್ ಸ್ಪ್ರಿಂಗ್’ ಎಂಬ ತಮ್ಮ ಗ್ರಂಥದಲ್ಲಿ ಇದನ್ನು ಲೋಕದ ಮುಂದಿಟ್ಟರು; ಹನ್ನೊಂದು ಎರೆಹುಳುಗಳಲ್ಲಿ ಒಂದು ರಾಬಿನ್ನನ್ನು ಕೊಲ್ಲುವಷ್ಟು ವಿಷ ಇರಬಲ್ಲದೆಂದು ಅದರಲ್ಲಿದೆ. ೧೯೭೨ರಲ್ಲಿ ಆ ದೇಶ ಡಿ.ಡಿ.ಟಿ. ಬಳಕೆಯನ್ನು ನಿಷೇಧಿಸಿತು. ಬಂಧುಗಳೆ, ಅಂಜುವುದಾದರೆ ಹಕ್ಕಿ ಬಂದು ಕುಳಿತ ಮರಕ್ಕೆ ಏಕೆ ಅಂಜಬೇಕು? ಹಕ್ಕಿ ಬಾರದೆ ಹೋದ ಮರಕ್ಕೆ ಅಂಜಬೇಕು. ಹೊಲಕ್ಕೆ ಔಷಧ ಹೊಡೆಯುವ ನಮ್ಮ ರೈತರು ಇದನ್ನು ನೆನಪಿನಲ್ಲಿಡಬೇಕು.

ಇದನ್ನೆಲ್ಲ ತಿಳಿದುಕೊಂಡ ಬಳಿಕ ಆ ತಾಯಿಯೊಡನೆ ನಾವೇ ಫೋನಿನಲ್ಲಿ ಮಾತನಾಡಿದೆವು. ಹಕ್ಕಿಯ ಸಂಗತಿಯನ್ನು ನಿಧಾನವಾಗಿ ಹೇಳಿದೆವು. “ತಾಯಿ, ಅವು ಹಿಂದೆ ಬಿದ್ದ ಹಕ್ಕಿಗಳಲ್ಲ, ಉಳಿದ ಹಕ್ಕಿಗಳು. ಮನೆಯವರು ಲಿಂಗೈಕ್ಯರಾದರೆ ನಿಮ್ಮ ಕೊರಳಿನ ಲಿಂಗ ಎಲ್ಲಿಗೂ ಹೋಗಲಿಲ್ಲ. ಲಿಂಗವನ್ನು ಹೊತ್ತ ಮೈಯಿಂದ ಕೂಸಿಗೆ ಕೇಡು ತಗಲೀತೆಂದರೆ ಲಿಂಗವನ್ನು ನಂಬಲಿಲ್ಲವೆಂದೇ ಅರ್ಥವಾಯಿತು” ಎಂದೆವು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಆ ತಾಯಿ ಕೇಳಿದ್ದು ಒಂದೇ ಮಾತು: “ಎಲ್ಲಾ ತಿಳೀತ್ರಿ ಅಪ್ಪಾರ. ಆದರ ಆ ಮರದಾಗಿನ ಹಣ್ಣು ತೀರಿದ ಮ್ಯಾಲೆ ಅವು ಏನ ತಿಂತಾವ್ರಿ?”

ಈ ಪ್ರಶ್ನೆಯನ್ನು ಕೇಳಿ ನಮಗೆ ಸಮಾಧಾನವಾಯಿತು. ತನಗೆ ಏನಾದೀತು ಎಂಬ ಅಂಜಿಕೆ ಹೋಗಿ ಅದಕ್ಕೆ ಏನು ಸಿಕ್ಕೀತು ಎಂಬ ಚಿಂತೆ ಬಂದಿತ್ತು. ಅಂಜಿಕೆ ದಯೆಯಾಗಿ ತಿರುಗಿದ ಮೇಲೆ ಬೇರೆ ಶಾಂತಿ ಬೇಕಿಲ್ಲ. ರಾಬಿನ್ ಕಾಳು ತಿನ್ನುವ ಹಕ್ಕಿಯಲ್ಲ. ಸೇಬನ್ನು ಹೆಚ್ಚಿ ಇಟ್ಟರೆ, ಒಣದ್ರಾಕ್ಷಿ ನೆನೆಸಿ ಇಟ್ಟರೆ ತಿನ್ನುತ್ತದೆ. ಎಲ್ಲ ನೀರು ಹೆಪ್ಪುಗಟ್ಟಿದಾಗ ಒಂದು ಬೋಗುಣಿ ನೀರೂ ಅದಕ್ಕೆ ದೊಡ್ಡ ಉಪಕಾರ ಎಂದು ತಿಳಿಸಿದೆವು. ಹದಿನೈದು ದಿನಗಳ ಮೇಲೆ ಮಗನಿಂದ ಪತ್ರ ಬಂತು. ಪ್ರತಿ ಮುಂಜಾನೆ ಲಿಂಗಪೂಜೆ ಮುಗಿಸಿ ಆಕೆ ಸೇಬು ಹೆಚ್ಚಿಕೊಡುತ್ತಾಳೆ, 

ಮೊಮ್ಮಗ ಬೂಟು ಹಾಕಿಕೊಂಡು ಹೋಗಿ ಇಟ್ಟುಬರುತ್ತಾನೆ, ಇಬ್ಬರೂ ಕಿಟಕಿಯಲ್ಲಿ ನಿಂತು ಎಣಿಸುತ್ತಾರೆ; ತೊಟ್ಟಿಲನ್ನು ಆ ಕಿಟಕಿಯ ಹತ್ತಿರಕ್ಕೇ ತಂದಿದ್ದಾರೆ, ಅಜ್ಜಿಯೇ ತೂಗುತ್ತಾಳೆ ಎಂದು ಬರೆದಿದ್ದರು.

ಮಗನಿಗೂ ನಾವು ಒಂದು ಮಾತು ಹೇಳಿದೆವು. ಅಂಜಿಕೆಯಿಂದ ಆಕೆ ಊರಿಗೆ ಬರುವುದು ಬೇಡ; ನಿಮ್ಮ ಒತ್ತಾಯದಿಂದ ಅಲ್ಲಿ ಉಳಿಯುವುದೂ ಬೇಡ. ಹಿಮ ಕರಗಲಿ, ಆಮೇಲೆ ಆಕೆಯನ್ನೇ ಕೇಳಿ. ಉಳಿಯುತ್ತೇನೆ ಎಂದರೆ ಊಟದ ಜೊತೆಗೆ ಮಾತಾಡುವ ಜನವನ್ನೂ ಒದಗಿಸಿ. ಹೋಗುತ್ತೇನೆ ಎಂದರೆ ಇಲ್ಲಿ ಆಕೆಗೆ ಊಟವೂ ಜನವೂ ಇವೆಯೆಂಬುದನ್ನು ನೋಡಿಕೊಂಡು ಕಳುಹಿಸಿ. ಯಾವುದನ್ನು ಆರಿಸಿದರೂ ನಮ್ಮ ಆಶೀರ್ವಾದವಿದೆ.

ಈ ಕೊನೆಯ ಮಾತು ಅಮೆರಿಕದವರಿಗಿಂತ ಇಲ್ಲಿ ಕುಳಿತ ನಮಗೆ ಹೆಚ್ಚು ಅನ್ವಯಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರಿಗೋ ಪುಣೆಗೋ ಸಮುದ್ರದಾಚೆಗೋ ಹೋದ ಮನೆಗಳು ಎಷ್ಟಿಲ್ಲ! ಹೋದವರ ಸುದ್ದಿ ಎಲ್ಲರಿಗೂ ಗೊತ್ತು. ಉಳಿದವರ ಸುದ್ದಿ ಯಾರಿಗೂ ಗೊತ್ತಿಲ್ಲ. ಹುಲ್ಲುಹಾಸನ್ನಷ್ಟೇ ನೋಡುವ ಜನರಂತೆ ನಾವು ಕಟ್ಟೆಯನ್ನೂ ಪೇಟೆಯನ್ನೂ ನೋಡುತ್ತೇವೆ. ಒಳಮನೆಯಲ್ಲಿ ಒಲೆಯ ಮುಂದೆ ಒಬ್ಬಳೇ ಕುಳಿತ ಮುದುಕಿ ನಮಗೆ ಕಾಣುವುದಿಲ್ಲ. ಒಂದು ದಿನ ಆಕೆ ಜಾತ್ರೆಗೆ ಬಂದರೆ, “ಏನವ್ವಾ, ಇನ್ನೂ ಇದ್ದೀಯಾ?” ಎಂದು ನಗುತ್ತ ಕೇಳುತ್ತೇವೆ. ನಗುತ್ತ ಕೇಳಿದರೂ ಅದು ಇರಿಯುವ ಮಾತು.

ಉಳಿದ ಹಕ್ಕಿಯನ್ನು ಬದುಕಿಸಿದ್ದು ಎರಡು: ಹಣ್ಣನ್ನು ಹಿಡಿದಿಟ್ಟುಕೊಂಡ ಮರ ಒಂದು, ಜಗಳ ಮರೆತ ಗುಂಪು ಇನ್ನೊಂದು. ಮೊದಲನೆಯದಕ್ಕೆ ನಾವು ದಾಸೋಹ ಎನ್ನುತ್ತೇವೆ, ಎರಡನೆಯದಕ್ಕೆ ಶರಣಸಂಗ ಎನ್ನುತ್ತೇವೆ. ಸುಗ್ಗಿಯಲ್ಲಿ ಕೊಡುವವರು ಬಹಳ. ಎಲೆ ಉದುರಿದ ಮೇಲೂ ಹಣ್ಣನ್ನು ಉಳಿಸಿಕೊಂಡು, ನೆಲವೆಲ್ಲ ಕಲ್ಲಾದ ದಿನ ಕೊಡುವ ಮರವೇ ದಾಸೋಹಿ.

ಆದುದರಿಂದ ಮೂರು ಅಪ್ಪಣೆಗಳನ್ನು ಕೊಡುತ್ತೇವೆ. ಒಂದು: ಹೊಲದ ಬದುವಿನ, ಹಿತ್ತಲಿನ ಅತ್ತಿ, ಆಲ, ಬಾರಿಗಿಡಗಳನ್ನು ನೆರಳು ಬೀಳುತ್ತದೆಂದು ಕಡಿಯಬೇಡಿರಿ, ಕಡಿದವರು ಎರಡು ನೆಡಿರಿ. ಹಣ್ಣನ್ನು ಪೂರ್ತಿ ಬಡಿಯದೆ ಮೇಲಿನ ಕೊಂಬೆಯದನ್ನು ಹಕ್ಕಿಗೆ ಬಿಡಿರಿ. ಎರಡು: ಪ್ರತಿ ಸೋಮವಾರ ಈ ಗೋಷ್ಠಿಗೆ ಬರುವಾಗ ನಿಮ್ಮ ಓಣಿಯ ಒಂಟಿ ಹಿರಿಯರೊಬ್ಬರ ಮನೆಯ ಬಾಗಿಲಲ್ಲಿ ನಿಂತು ಊಟವಾಯಿತೇ ಎಂದು ಕೇಳಿಬನ್ನಿರಿ, ನಡೆಯಬಲ್ಲವರನ್ನು ಕೈಹಿಡಿದು ಕರೆದುಕೊಂಡೇ ಬನ್ನಿರಿ. ಮೂರು: ಬರುವ ಯುಗಾದಿಯಿಂದ ಶ್ರೀಮಠದಲ್ಲಿ ನಡೆಯುವ ತೊಟ್ಟಿಲ ಕಾರ್ಯಗಳಲ್ಲಿ, ಆ ಮನೆಯಲ್ಲಿ ಪತಿಯನ್ನು ಕಳೆದುಕೊಂಡ ಹಿರಿಯ ತಾಯಿಯಿದ್ದರೆ ಮೊದಲು ತೂಗುವವಳು ಆಕೆಯೇ. ಹಿಂದೆ ಸರಿದು ಗೋಡೆಗೆ ಆತು ನಿಲ್ಲುವ ತಾಯಿಯನ್ನು ಮುಂದೆ ಕರೆದು ಆಕೆಯ ಕೈಗೆ ತೊಟ್ಟಿಲ ಹಗ್ಗ ಕೊಡುವುದು ಸೊಸೆಯ ಕರ್ತವ್ಯ. ಇದಕ್ಕೆ ಒಪ್ಪದವರು ಆ ಕಾರ್ಯಕ್ಕೆ ಶ್ರೀಮಠಕ್ಕೆ ಬರುವುದು ಬೇಡ.

ಚಳಿ ಹೋಗುವ ಹೊತ್ತಾಯಿತು. ಇಲ್ಲಿ ಮಾವಿನ ಹೂವಿಗೆ ಕೋಗಿಲೆ ಕೂಗಲು ತೊಡಗಿದೆ; ಮಡಿವಾಳ ಹಕ್ಕಿಯೂ ಇನ್ನು ಸ್ವರ ತೆಗೆದೀತು. ದೂರದ ಆ ನಾಡಿನಲ್ಲಿ ಇನ್ನೂ ಕೆಲವು ವಾರ ಹಿಮವಿರುತ್ತದೆ. ಅಲ್ಲಿದ್ದವರಿಗೂ ಇಲ್ಲಿದ್ದವರಿಗೂ, ಹೋದವರಿಗೂ ಉಳಿದವರಿಗೂ, ಹಸಿದ ಹೊತ್ತಿಗೆ ಅನ್ನವೂ ಬೇಸರದ ಹೊತ್ತಿಗೆ ಸಂಗವೂ ದೊರೆಯಲಿ. ಆ ಅನ್ನವನ್ನು ನೀಡುವ ಕೈ, ಆ ಸಂಗವನ್ನು ಕೊಡುವ ಮನಸ್ಸು ನಿಮ್ಮೆಲ್ಲರದೂ ಆಗಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.